ಎಕ್ಸಾಕ್ಟ್: ತಕ್ಕಡಿಯಿಂದ ಇಳಿದು ಬಂದ ಮಾತು

"ಎಕ್ಸಾಕ್ಟಾಗಿ ಎಷ್ಟು ಗಂಟೆಗೆ ಬರ್ತೀರಿ?" ಎಂದು ಕೇಳುವವರು, "ಎಕ್ಸಾಕ್ಟ್ಲಿ! ನಾನೂ ಅದನ್ನೇ ಹೇಳ್ತಾ ಇದ್ದೆ" ಎಂದು ತಲೆದೂಗುವವರು, "ಕಿಟಕಿ ಎಕ್ಸಾಕ್ಟ್ ಸೈಜ್ ಕೊಡಿ ಮೇಡಂ" ಎನ್ನುವ ಬಡಗಿ, ಎಲ್ಲರ ಬಾಯಲ್ಲೂ ಒಂದೇ ಮಾತು. ಇಂಗ್ಲಿಷ್ ಓದದವರೂ ಅದಕ್ಕೆ ಕನ್ನಡದ ಪ್ರತ್ಯಯ ಹಚ್ಚಿ ಸಲೀಸಾಗಿ ಆಡುತ್ತಾರೆ. ನನ್ನ ಉದ್ಯೋಗದಲ್ಲಿ ಮಾತ್ರ ಆ ಮಾತು ಆಡುವ ಮುನ್ನ ಎರಡು ಸಲ ಯೋಚಿಸಬೇಕಾಗಿತ್ತು. ಬೆಂಗಳೂರಿನ ಪೀಣ್ಯದಲ್ಲಿ ಗೇಜುಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಸುತ್ತಲಿನ ಕಾರ್ಖಾನೆಗಳವರು ತಮ್ಮ ಮೈಕ್ರೊಮೀಟರು, ವರ್ನಿಯರು, ಡಯಲ್ ಗೇಜುಗಳನ್ನು ನಮ್ಮಲ್ಲಿಗೆ ತರುತ್ತಿದ್ದರು. ಅವು ತೋರಿಸುವ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ನಾವು ನೋಡಿ ಬರೆದುಕೊಡುತ್ತಿದ್ದೆವು. ನಮ್ಮ ಸರ್ಟಿಫಿಕೇಟಿನಲ್ಲಿ 'ಎಕ್ಸಾಕ್ಟ್' ಎಂಬ ಪದಕ್ಕೆ ಜಾಗವೇ ಇರಲಿಲ್ಲ. ಪ್ರತಿಯೊಂದು ಅಳತೆಯ ಮುಂದೆಯೂ ಕೂಡು-ಕಳೆ ಗುರುತು, ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಸಂಖ್ಯೆ ಇರುತ್ತಿತ್ತು.

ಈ ಮಾತಿನ ಬೇರು ಹಿಡಿದು ಹೋದರೆ ಸಿಗುವುದು ತಕ್ಕಡಿ. ಅಕ್ಕಸಾಲಿಯ ಮನೆಯಲ್ಲಿ ಹುಟ್ಟಿದ ನನಗೆ ಇದು ತಿಳಿದ ದಿನ ಆದ ಸಂತೋಷ ಇನ್ನೂ ಮಾಸಿಲ್ಲ.

ಲ್ಯಾಟಿನ್ ಭಾಷೆಯಲ್ಲಿ 'ಆಗೆರೆ' ಎಂದರೆ ಅಟ್ಟು, ನಡೆಸು. ದನ ಅಟ್ಟುವುದಕ್ಕೂ ಅದೇ ಮಾತು. ಸಂಸ್ಕೃತದ 'ಅಜತಿ' ಎಂಬ ಕ್ರಿಯಾಪದ ಅದರ ಒಡಹುಟ್ಟು. ಅದರ ಮೊದಲಿಗೆ 'ಎಕ್ಸ್' ಸೇರಿ 'ಎಕ್ಸಿಗೆರೆ' ಆದಾಗ ಹೊರಕ್ಕೆ ಅಟ್ಟುವುದು ಎಂದಾಯಿತು. ಗೂಡಿನಿಂದ ಹೊರಬಿದ್ದ ಜೇನುಹಿಂಡಿಗೆ ರೋಮನರು ಇದೇ ಧಾತುವಿನಿಂದ 'ಎಕ್ಸಾಮೆನ್' ಎಂಬ ಹೆಸರಿಟ್ಟಿದ್ದರು. ಸಾಲಗಾರನ ಕೈಯಿಂದ ಹಣ ಹೊರಡಿಸುವುದೂ 'ಎಕ್ಸಿಗೆರೆ'ಯೇ. ಕಂದಾಯ ವಸೂಲಿಗೆ ಬರುವವನು 'ಎಕ್ಸಾಕ್ಟರ್'. ವಸೂಲಿ ಎಂದ ಮೇಲೆ ತೂಕ ಬರಲೇಬೇಕು. ಹಳೆಯ ರೋಮಿನಲ್ಲಿ ಹಣವೆಂದರೆ ಕಂಚಿನ ತುಂಡುಗಳು, ಅವನ್ನು ಎಣಿಸುತ್ತಿರಲಿಲ್ಲ, ತೂಗುತ್ತಿದ್ದರು. ಜಮೀನು, ದನಗಳಂಥ ಬೆಲೆಬಾಳುವ ಆಸ್ತಿ ಕೈಬದಲಾಗಬೇಕಾದರೆ ಕನಿಷ್ಠ ಐದು ಮಂದಿ ಸಾಕ್ಷಿಗಳ ಎದುರು ತಕ್ಕಡಿ ಹಿಡಿಯುವವನೊಬ್ಬ ನಿಲ್ಲಬೇಕಿತ್ತು. ನಾಣ್ಯ ಬಂದು ತೂಕದ ಅಗತ್ಯ ತಪ್ಪಿದ ಮೇಲೂ ಆ ಶಾಸ್ತ್ರ ಶತಮಾನಗಳ ಕಾಲ ಉಳಿದುಕೊಂಡಿತು. ಹೀಗೆ 'ಎಕ್ಸಿಗೆರೆ'ಗೆ ತೂಗಿ ನೋಡು, ಮಾನದಂಡಕ್ಕೆ ಹಿಡಿದು ನೋಡು ಎಂಬ ಅರ್ಥವೂ ಬಂತು. ಆ ಪರೀಕ್ಷೆಗೆ ನಿಂತು ಸರಿ ಎನಿಸಿಕೊಂಡದ್ದು 'ಎಕ್ಸಾಕ್ಟುಸ್'.

ಇಂಗ್ಲಿಷಿಗೆ ಮೊದಲು ಬಂದದ್ದು ಈ ಗುಣವಾಚಕವಲ್ಲ, ಕ್ರಿಯಾಪದ. 15ನೇ ಶತಮಾನದಲ್ಲಿ 'ಎಕ್ಸಾಕ್ಟ್' ಎಂದರೆ ಬಲವಂತದಿಂದ ಹಣ ಕೀಳು, ಪಟ್ಟುಹಿಡಿದು ವಸೂಲು ಮಾಡು. ಇವತ್ತಿಗೂ ಇಂಗ್ಲಿಷಿನಲ್ಲಿ ಕಪ್ಪಕಾಣಿಕೆಯನ್ನೂ ಸೇಡನ್ನೂ 'ಎಕ್ಸಾಕ್ಟ್' ಮಾಡುತ್ತಾರೆ. ಕಿಂಚಿತ್ತೂ ಹೆಚ್ಚು-ಕಡಿಮೆ ಇಲ್ಲದ್ದು ಎಂಬ ಗುಣವಾಚಕ ಬಳಕೆಗೆ ಬಂದದ್ದು 16ನೇ ಶತಮಾನದಲ್ಲಿ.

ತಕ್ಕಡಿಯ ನಡುವೆ ನಿಂತು ಅತ್ತಿತ್ತ ವಾಲುವ ಮುಳ್ಳಿಗೂ ಲ್ಯಾಟಿನ್ನಿನಲ್ಲಿ 'ಎಕ್ಸಾಮೆನ್' ಎಂದೇ ಹೆಸರು. ನಮ್ಮ ಮಕ್ಕಳು ಬರೆಯುವ 'ಎಕ್ಸಾಮ್' ಆ ಮುಳ್ಳಿನಿಂದಲೇ ಬಂದದ್ದು. ಇದೇ ಮನೆತನದ ಇನ್ನೊಂದು ಪದ 'ಎಕ್ಸಾಗಿಯಂ', ಅಂದರೆ ತೂಗುವುದು, ತೂಕದ ಬಟ್ಟು. 4ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ 'ಸಾಲಿಡಸ್' ಎಂಬ ಚಿನ್ನದ ನಾಣ್ಯವನ್ನು ಚಲಾವಣೆಗೆ ತಂದ. ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ನಾಣ್ಯ, ಒಂದೊಂದು ಸುಮಾರು ನಾಲ್ಕೂವರೆ ಗ್ರಾಂ. ಅಂಚು ಸವೆಸಿ ಚಿನ್ನ ಕದಿಯುವವರು ಆಗಲೂ ಇದ್ದರು. ಅದಕ್ಕಾಗಿ ನಾಣ್ಯವನ್ನು ತೂಗಿ ನೋಡಲು ಸರ್ಕಾರಿ ಮುದ್ರೆಯ ಕಂಚಿನ ಬಟ್ಟುಗಳು ಇರುತ್ತಿದ್ದವು. ಅವೇ 'ಎಕ್ಸಾಗಿಯಂ'. ಒಂದು ಸಾಲಿಡಸ್ಸಿನ ತೂಕವೆಂದರೆ 24 'ಕೆರಾಟಿಯನ್', ಅಂದರೆ ಕ್ಯಾರಬ್ ಎಂಬ ಮರದ ಬೀಜದ ತೂಕ. ಅಪ್ಪಟ ಚಿನ್ನಕ್ಕೆ 24 ಕ್ಯಾರೆಟ್ ಎನ್ನುವ ಲೆಕ್ಕ ಅಲ್ಲಿಂದ ಇಳಿದು ಬಂದಿದೆ.

'ಎಕ್ಸಾಗಿಯಂ' ಫ್ರೆಂಚರ ಬಾಯಿಗೆ ಬಿದ್ದು 'ಎಸ್ಸೆ' ಆಯಿತು. ಫ್ರೆಂಚ್ ಲೇಖಕ ಮಾಂಟೇನ್ 1580ರಲ್ಲಿ ತನ್ನ ಬರಹಗಳಿಗೆ ಆ ಹೆಸರಿಟ್ಟ. ಪ್ರಬಂಧ ಎಂಬ ಸಾಹಿತ್ಯ ಪ್ರಕಾರಕ್ಕೆ ಅದೇ ನಿಂತಿತು. ಆತ ತನ್ನ ಲಾಂಛನವಾಗಿ ಆರಿಸಿಕೊಂಡದ್ದೂ ತಕ್ಕಡಿಯನ್ನೇ. ಇಂಗ್ಲಿಷರು ಅದೇ ಪದವನ್ನು 'ಅಸೆ' ಎಂದು ತಿರುಗಿಸಿ ಲೋಹದ ಪರೀಕ್ಷೆಗೆ ಮೀಸಲಿಟ್ಟರು. ನಮ್ಮ ಊರುಗಳ ಹಾಲ್‌ಮಾರ್ಕ್ ಕೇಂದ್ರಗಳ ಬೋರ್ಡಿನಲ್ಲಿ 'ಅಸೇಯಿಂಗ್ ಅಂಡ್ ಹಾಲ್‌ಮಾರ್ಕಿಂಗ್ ಸೆಂಟರ್' ಎಂದು ಬರೆದಿರುತ್ತದಲ್ಲ, ಅದು ಇದೇ.

ಅರಸೀಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪನ ಕುಲುಮೆ ಇತ್ತು. ಪಕ್ಕದಲ್ಲಿ ಗಾಜಿನ ಬಾಗಿಲಿನ ಮರದ ಪೆಟ್ಟಿಗೆ, ಅದರೊಳಗೆ ಬೆರಳುದ್ದದ ಮುಳ್ಳಿನ ತಕ್ಕಡಿ. ತಾತನ ಕಾಲದ ಗುಲಗಂಜಿ ಡಬ್ಬಿಯೂ ಅಲ್ಲೇ ಇತ್ತು, ಆದರೆ ಅಪ್ಪ ಬಳಸುತ್ತಿದ್ದದ್ದು ಹಿತ್ತಾಳೆಯ ಗ್ರಾಂ ಬಟ್ಟುಗಳನ್ನು. ತೂಗುವಾಗ ಬೀದಿಬಾಗಿಲು ಮುಂದೆ ಮಾಡಿ, ಗಾಳಿ ಆಡದಂತೆ ನೋಡಿಕೊಳ್ಳುತ್ತಿದ್ದರು. "ಮುಳ್ಳು ನಿಲ್ಲೋ ತನಕ ತೂಕ ಹೇಳಬಾರದು ಮಗಾ" ಎನ್ನುತ್ತಿದ್ದರು. ಮುಳ್ಳು ನಿಂತ ಮೇಲೂ ಅವರ ಕೆಲಸ ಮುಗಿಯುತ್ತಿರಲಿಲ್ಲ. ಎಡದ ತಟ್ಟೆಯ ಚಿನ್ನವನ್ನು ಬಲಕ್ಕೆ, ಬಲದ ಬಟ್ಟನ್ನು ಎಡಕ್ಕೆ ಹಾಕಿ ಇನ್ನೊಮ್ಮೆ ತೂಗುತ್ತಿದ್ದರು. ತಕ್ಕಡಿಯ ಎರಡು ತೋಳುಗಳಲ್ಲಿ ಒಂದು ಕೂದಲೆಳೆಯಷ್ಟು ಉದ್ದವಿದ್ದರೂ ಒಂದು ಬದಿಯ ತೂಕ ಯಾವಾಗಲೂ ತಪ್ಪಾಗುತ್ತದೆ, ತಟ್ಟೆ ಅದಲುಬದಲು ಮಾಡಿದರೆ ಅದು ಬಯಲಾಗುತ್ತದೆ. ಮುಂದೆ ಡಿಪ್ಲೊಮಾದಲ್ಲಿ ಇದನ್ನೇ ಗೌಸ್ ಎಂಬ ಜರ್ಮನ್ ಗಣಿತಜ್ಞನ ಹೆಸರಿನ ವಿಧಾನವೆಂದು ಓದಿದೆ. ಅಪ್ಪನಿಗೆ ಅದು ಅವರ ಅಪ್ಪನಿಂದ ಬಂದದ್ದು.

ಅಪ್ಪನ ಆ ಅಭ್ಯಾಸದಲ್ಲಿ ಇಂಗ್ಲಿಷಿನ ಇನ್ನೆರಡು ಮಾತುಗಳ ವ್ಯತ್ಯಾಸವೂ ಅಡಗಿದೆ. 'ಪ್ರಿಸೈಸ್' ಮತ್ತು 'ಆಕ್ಯುರೇಟ್' ಎರಡನ್ನೂ ನಾವು 'ನಿಖರ' ಎಂದೇ ಹೇಳುತ್ತೇವೆ, ನಿಘಂಟುಗಳೂ ಹೆಚ್ಚು ಭೇದ ಮಾಡುವುದಿಲ್ಲ. ಅಳತೆಯ ಕೆಲಸದಲ್ಲಿ ಇವೆರಡನ್ನು ಬೆರೆಸಿದರೆ ಅನಾಹುತ. 25 ಮಿಲಿಮೀಟರಿನ ಸ್ಲಿಪ್ ಗೇಜನ್ನು, ಅಂದರೆ ಅಳತೆಗೆ ಆಧಾರವಾದ ಉಕ್ಕಿನ ಬಿಲ್ಲೆಯನ್ನು, ಒಂದು ಮೈಕ್ರೊಮೀಟರಿಗೆ ಕೊಟ್ಟು ಐದು ಸಲ ಅಳೆಯುತ್ತೇನೆ ಎನ್ನಿ. ಐದು ಸಲವೂ ಅದು 25.004 ಎಂದರೆ ಆ ಉಪಕರಣ ಪ್ರಿಸೈಸ್. ಒಂದೇ ಮಾತಿಗೆ ನಿಂತಿದೆ, ಆದರೆ ಆ ಮಾತು ನಿಜವಲ್ಲ. ಇನ್ನೊಂದು ಮೈಕ್ರೊಮೀಟರು 24.998, 25.003, 24.999 ಎಂದು ಹೊಯ್ದಾಡಿದರೂ ಸರಾಸರಿ 25ಕ್ಕೆ ಬಂದು ನಿಲ್ಲುತ್ತದೆ. ಅದು ಆಕ್ಯುರೇಟ್. ನೋಡುವವರಿಗೆ ಮೊದಲನೆಯದೇ ಒಳ್ಳೆಯದು ಎನಿಸುತ್ತದೆ, ಏಕೆಂದರೆ ಅದು ತಡವರಿಸುವುದಿಲ್ಲ. ಕಾರ್ಖಾನೆಗೆ ಹೆಚ್ಚು ನಷ್ಟ ತರುವುದೂ ಅಂಥದ್ದೇ. ತಡವರಿಸುವ ಉಪಕರಣದ ಮೇಲೆ ಕೆಲಸಗಾರನಿಗೆ ಅನುಮಾನ ಬಂದು ಅವನು ಅದನ್ನು ಪರೀಕ್ಷೆಗೆ ಕಳಿಸುತ್ತಾನೆ. ಗಟ್ಟಿದನಿಯಲ್ಲಿ ಒಂದೇ ಸುಳ್ಳು ಹೇಳುವುದರ ಮೇಲೆ ಅನುಮಾನವೇ ಬರುವುದಿಲ್ಲ. ನೂರಾರು ಜಾಬು ರಿಜೆಕ್ಟ್ ಆದ ಮೇಲೆ ಗೊತ್ತಾಗುತ್ತದೆ.

'ಪ್ರಿಸೈಸ್' ಪದದ ಹಿಂದಿರುವುದು ಕತ್ತರಿ. ಲ್ಯಾಟಿನ್ನಿನ 'ಪ್ರೈಕೀದೆರೆ' ಎಂದರೆ ಮುಂದಿನದನ್ನು ಕತ್ತರಿಸಿ ಮೊಟಕುಗೊಳಿಸು. ಅದರ ಮೂಲ 'ಕೈದೆರೆ', ಕಡಿ. ಇಂಗ್ಲಿಷಿನ 'ಕನ್‌ಸೈಸ್', 'ಡಿಸೈಡ್', ಶಸ್ತ್ರಚಿಕಿತ್ಸೆಯ 'ಇನ್ಸಿಷನ್' ಎಲ್ಲವೂ ಅದೇ ಕತ್ತಿಯ ಮಕ್ಕಳು. ಇಂಗ್ಲೆಂಡಿನಲ್ಲಿ 16ನೇ ಶತಮಾನದ ಕೊನೆಯ ಹೊತ್ತಿಗೆ ಧರ್ಮಾಚರಣೆಯಲ್ಲಿ ಎಳ್ಳಷ್ಟೂ ಸಡಿಲ ಬಿಡದ ಪ್ಯೂರಿಟನ್ನರನ್ನು ಜನ 'ಪ್ರಿಸಿಶಿಯನ್' ಎಂದು ಕರೆಯುತ್ತಿದ್ದರು; ಅದು ಹೊಗಳಿಕೆಯಾಗಿರಲಿಲ್ಲ. 'ಆಕ್ಯುರೇಟ್' ಮೃದುವಾದ ಮನೆಯಿಂದ ಬಂದದ್ದು. ಅದರೊಳಗಿರುವುದು 'ಕೂರಾ', ಅಂದರೆ ಕಾಳಜಿ, ಆರೈಕೆ. ರೋಗ ವಾಸಿಮಾಡುವ 'ಕ್ಯೂರ್', ವಸ್ತುಸಂಗ್ರಹಾಲಯ ನೋಡಿಕೊಳ್ಳುವ 'ಕ್ಯುರೇಟರ್' ಎರಡೂ ಅದರ ನಂಟರು. ಜೋಪಾನವಾಗಿ ಮಾಡಿದ್ದು ಆಕ್ಯುರೇಟ್. ಮೂರರಲ್ಲಿ ನನಗೆ ಪ್ರೀತಿಯ ಪದ ಇದೇ.

ಹಾಗಾದರೆ ಎಕ್ಸಾಕ್ಟ್ ಎಲ್ಲಿ ಸಲ್ಲುತ್ತದೆ? ನನ್ನ ಉದ್ಯೋಗ ನನಗೆ ಕಲಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಎಣಿಸಿದ್ದು ಎಕ್ಸಾಕ್ಟ್ ಆಗಬಹುದು. ನಾಲ್ಕು ಜನ ಕೂಡಿ ಒಪ್ಪಿಕೊಂಡದ್ದು ಎಕ್ಸಾಕ್ಟ್ ಆಗಬಹುದು. ಅಳೆದದ್ದು ಎಂದಿಗೂ ಆಗುವುದಿಲ್ಲ. ಬುಟ್ಟಿಯಲ್ಲಿ 12 ಮೊಟ್ಟೆ ಇವೆ ಎಂದರೆ 12 ಇವೆ. ಅವುಗಳ ತೂಕ 600 ಗ್ರಾಂ ಎಂದರೆ ಅದು ತಕ್ಕಡಿ ಹೇಳಿದ ಮಾತು, ಅದಕ್ಕೊಂದು ಹೆಚ್ಚು-ಕಡಿಮೆ ಇದ್ದೇ ಇರುತ್ತದೆ.

ಒಪ್ಪಂದದ ಎಕ್ಸಾಕ್ಟಿಗೆ ಅಂಗುಲಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಂಗುಲಕ್ಕೆ ಎಷ್ಟು ಮಿಲಿಮೀಟರು? 20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಅಂಗುಲ 25.4ಕ್ಕಿಂತ ತುಸು ಹೆಚ್ಚಿತ್ತು, ಸುಮಾರು 25.40005. ಬ್ರಿಟನ್ನಿನದು ತುಸು ಕಡಿಮೆ, ಸುಮಾರು 25.39998. ಸ್ವೀಡನ್ನಿನ ಬಂದೂಕು ಕಾರ್ಖಾನೆಯ ಕೆಲಸಗಾರ ಕಾರ್ಲ್ ಎಡ್ವರ್ಡ್ ಯೊಹಾನ್ಸನ್ 1896ರಲ್ಲಿ ಸ್ಲಿಪ್ ಗೇಜುಗಳ ಕಲ್ಪನೆ ಹುಟ್ಟುಹಾಕಿದವನು. ಕನ್ನಡಿಯಂತೆ ಉಜ್ಜಿದ ಆ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ಜಾರಿಸಿದರೆ ಅಂಟಿಲ್ಲದೆ ಅಂಟಿಕೊಳ್ಳುತ್ತವೆ. ನೂರು ಚಿಲ್ಲರೆ ಬಿಲ್ಲೆಗಳಿಂದ ಸಾವಿರಾರು ಬಗೆಯ ಅಳತೆ ಜೋಡಿಸಬಹುದು. ಎರಡು ದೇಶಗಳಿಗೆ ಎರಡು ಅಂಗುಲದ ಗೇಜು ಮಾಡುವುದು ಅವನಿಗೆ ಆಗದ ಮಾತು. ನಡುವಿನ 25.4 ಹಿಡಿದುಕೊಂಡ. ಪ್ರಪಂಚದ ಅನೇಕ ಕಾರ್ಖಾನೆಗಳು ಅವನ ಗೇಜನ್ನೇ ಕೊಂಡವು. ಕೊನೆಗೆ 1959ರ ಜುಲೈ 1ರಿಂದ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಸೇರಿ ಅಂಗುಲವೆಂದರೆ 25.4 ಮಿಲಿಮೀಟರ್, ಎಕ್ಸಾಕ್ಟ್, ಎಂದು ಒಪ್ಪಿಕೊಂಡವು. ಯಾರೂ ಅಳೆದು ಕಂಡುಹಿಡಿದದ್ದಲ್ಲ. ಕರಾರು ಮಾಡಿಕೊಂಡದ್ದು.

ಇಲ್ಲಿ ಕನ್ನಡದ ಜಾಣತನವನ್ನು ನಾನು ಮೆಚ್ಚುತ್ತೇನೆ. 'ಕರಾರುವಾಕ್ಕು' ಎಂಬ ನಮ್ಮ ಮಾತಿನೊಳಗೆ ಅರಬ್ಬಿಯಿಂದ ಬಂದ 'ಕರಾರ್' ಕೂತಿದೆ. ಎಕ್ಸಾಕ್ಟ್ ಎಂಬುದಕ್ಕೆ ಒಪ್ಪಂದದ ಬಲ ಬೇಕು ಎಂಬುದನ್ನು ಆ ಪದವೇ ಹೇಳುತ್ತದೆ. ಪಂಡಿತರು ಬಳಸುವ 'ನಿಷ್ಕೃಷ್ಟ'ಕ್ಕೆ ಎಳೆದು ಹೊರತೆಗೆದದ್ದು ಎಂಬ ಅರ್ಥ. ಲ್ಯಾಟಿನ್ನಿನ 'ಹೊರಕ್ಕೆ ಅಟ್ಟು' ಎಂಬುದಕ್ಕೆ ಅದು ಎಷ್ಟು ಹತ್ತಿರ!

ಕಿಲೋಗ್ರಾಂ ಕಥೆಯೂ ಕರಾರಿನದೇ. 1889ರಿಂದ 2019ರ ಮೇ 20ರವರೆಗೆ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿಟ್ಟ ಪ್ಲಾಟಿನಂ-ಇರಿಡಿಯಂ ಉರುಳೆಯೇ ಒಂದು ಕಿಲೋ, ಎಕ್ಸಾಕ್ಟ್. ಅದರ ಜತೆಯಲ್ಲಿ ಎರಕಹೊಯ್ದ ಪ್ರತಿಗಳನ್ನು ನೂರು ವರ್ಷಗಳ ನಂತರ ಪಕ್ಕದಲ್ಲಿಟ್ಟು ತೂಗಿದಾಗ ಅವುಗಳಿಗೂ ಮೂಲಕ್ಕೂ ನಡುವೆ 50 ಮೈಕ್ರೊಗ್ರಾಂ ಆಸುಪಾಸಿನ ಅಂತರ ಕಂಡಿತು. ಪ್ರತಿಗಳು ಭಾರವಾದವೋ ಮೂಲ ಹಗುರವಾಯಿತೋ ಹೇಳುವಂತಿರಲಿಲ್ಲ, ಏಕೆಂದರೆ ಕಿಲೋ ಎಂದರೇನು ಎಂಬುದಕ್ಕೆ ಆ ಮೂಲವನ್ನು ಬಿಟ್ಟು ಬೇರೆ ಸಾಕ್ಷಿ ಇರಲಿಲ್ಲ. ಈಗ ಕಿಲೋಗ್ರಾಂ ನಿಂತಿರುವುದು ಪ್ಲಾಂಕ್ ಸ್ಥಿರಾಂಕ ಎಂಬ ಭೌತಶಾಸ್ತ್ರದ ಸಂಖ್ಯೆಯ ಮೇಲೆ. ಮೀಟರು 1983ರಿಂದಲೇ ಬೆಳಕಿನ ವೇಗದ ಮೇಲೆ ನಿಂತಿದೆ: ಸೆಕೆಂಡಿಗೆ 29,97,92,458 ಮೀಟರ್. ಭೌತಶಾಸ್ತ್ರದ ಕೋಷ್ಟಕಗಳಲ್ಲಿ ಈ ಸಂಖ್ಯೆಗಳ ಪಕ್ಕ ಕೂಡು-ಕಳೆ ಇರುವುದಿಲ್ಲ, 'ಎಕ್ಸಾಕ್ಟ್' ಎಂದೇ ಅಚ್ಚಾಗಿರುತ್ತದೆ.

ಕರಾರು ಎಷ್ಟೇ ಗಟ್ಟಿಯಾಗಿರಲಿ, ಕೈಯಲ್ಲಿ ಹಿಡಿಯುವ ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಉದ್ದದ ಅಳತೆಗೆಲ್ಲ 20 ಡಿಗ್ರಿ ಸೆಲ್ಸಿಯಸ್ ಆಧಾರ ಎಂದು 1931ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಲಾಯಿತು. 100 ಮಿಲಿಮೀಟರಿನ ಉಕ್ಕಿನ ಗೇಜು ಒಂದೊಂದು ಡಿಗ್ರಿಗೂ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ, ತುಸು ಹೆಚ್ಚು ಬೆಳೆಯುತ್ತದೆ. 28 ಡಿಗ್ರಿಯ ಬೆಂಗಳೂರು ಮಧ್ಯಾಹ್ನದಲ್ಲಿ ಅದು ಸುಮಾರು 9 ಮೈಕ್ರಾನ್ ಉದ್ದ. ನಮ್ಮ ಕೋಣೆಯಲ್ಲಿ ಹಗಲೂ ರಾತ್ರಿ ಎಸಿ ಓಡುತ್ತಿತ್ತು. ಹೊರಗಿನಿಂದ ಬಂದ ಗೇಜನ್ನು ಕಲ್ಲಿನ ಮೇಜಿನ ಮೇಲೆ ಗಂಟೆಗಟ್ಟಲೆ ಹಾಗೇ ಬಿಡಬೇಕು. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಶ್ಯಾಮಿ ಎಂಬ ಮೆದು ಚರ್ಮದ ತುಂಡಿನಲ್ಲೇ ಎತ್ತಬೇಕು. ಆತುರದ ಗಿರಾಕಿಗಳು "ಅರ್ಜೆಂಟಿದೆ ಮೇಡಂ, ಒಂದು ನಿಮಿಷದ ಕೆಲಸ" ಎಂದು ನಿಂತೇ ಇರುತ್ತಿದ್ದರು. ಅವರಿಗೆ ಕುರ್ಚಿ, ಕಾಫಿ ಕೊಡುತ್ತಿದ್ದೆ, ಗೇಜು ತಣಿಯದೆ ಅಳತೆ ಮಾತ್ರ ಕೊಡುತ್ತಿರಲಿಲ್ಲ.

ನಿವೃತ್ತಿಯ ನಂತರ ನಗರ್ತಪೇಟೆಯ ಹತ್ತಿರದ ಹಾಲ್‌ಮಾರ್ಕ್ ಕೇಂದ್ರವೊಂದರಲ್ಲಿ 'ಅಸೆ' ನಡೆಯುವುದನ್ನು ಕಣ್ಣಾರೆ ನೋಡಿದೆ. ಒಡವೆಯಿಂದ ಚೂರೇ ಚೂರು ಚಿನ್ನ ಕೆರೆದು ತೂಗುತ್ತಾರೆ. ಅದಕ್ಕೆ ಬೆಳ್ಳಿ ಸೇರಿಸಿ ಸೀಸದ ಹಾಳೆಯಲ್ಲಿ ಸುತ್ತಿ, ಪುಟ್ಟ ಮೂಸೆಯಂಥ ಬಟ್ಟಲಿನಲ್ಲಿಟ್ಟು ಸಾವಿರ ಡಿಗ್ರಿ ದಾಟಿದ ಕುಲುಮೆಗೆ ತಳ್ಳುತ್ತಾರೆ. ತಾಮ್ರದಂಥ ಬೆರಕೆ ಲೋಹಗಳು ಸೀಸದ ಜತೆ ಬಟ್ಟಲಿನೊಳಕ್ಕೆ ಇಂಗಿಹೋಗುತ್ತವೆ. ಉಳಿದ ಗುಂಡನ್ನು ತಟ್ಟಿ ತೆಳ್ಳಗೆ ಮಾಡಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗುತ್ತದೆ. ಕೊನೆಗೆ ನಿಲ್ಲುವುದು ಅಪರಂಜಿ. ಅದನ್ನು ಮತ್ತೆ ತೂಗುತ್ತಾರೆ. ಮೊದಲ ತೂಕಕ್ಕೂ ಕೊನೆಯ ತೂಕಕ್ಕೂ ಇರುವ ಪ್ರಮಾಣವೇ ಚಿನ್ನದ ಶುದ್ಧತೆ. ಅಷ್ಟೆಲ್ಲ ಬೆಂಕಿ, ಆಮ್ಲ ದಾಟಿದ ಮೇಲೆ ತೀರ್ಪು ಹೇಳುವುದು ತಕ್ಕಡಿಯೇ. ಅಪ್ಪ ಒರೆಗಲ್ಲಿನ ಮೇಲೆ ಗೆರೆ ಎಳೆದು ಬಣ್ಣ ನೋಡಿ ಹೇಳುತ್ತಿದ್ದ ಮಾತಿಗೆ ಅಂಗಡಿಯವರು ತಲೆಬಾಗುತ್ತಿದ್ದರು. ಅಪ್ಪ ಇದನ್ನೊಮ್ಮೆ ನೋಡಬೇಕಿತ್ತು ಎಂದು ಆ ದಿನ ಬಹಳ ಅನಿಸಿತು.

ಒಡವೆಯ ಮೇಲಿನ ಸಂಖ್ಯೆಗಳನ್ನೂ ಸ್ವಲ್ಪ ಬಿಡಿಸಿ ನೋಡಿ. 18 ಕ್ಯಾರೆಟ್ಟಿಗೆ 750 ಎಂದು ಹೊಡೆಯುತ್ತಾರೆ. 18ನ್ನು 24ರಿಂದ ಭಾಗಿಸಿದರೆ ಸಾವಿರಕ್ಕೆ 750, ಲೆಕ್ಕ ಎಕ್ಸಾಕ್ಟ್. 22 ಕ್ಯಾರೆಟ್ಟಿಗೆ ಭಾಗಾಕಾರ ಮುಗಿಯುವುದೇ ಇಲ್ಲ, 916.666 ಎಂದು ಓಡುತ್ತಲೇ ಇರುತ್ತದೆ. ಅದನ್ನು 916ಕ್ಕೆ ಕತ್ತರಿಸಿದ್ದಾರೆ. 14 ಕ್ಯಾರೆಟ್ಟಿಗೆ ಬರಬೇಕಾದದ್ದು 583 ಚಿಲ್ಲರೆ, ಮುದ್ರೆಯಲ್ಲಿರುವುದು 585. ಅದು ಶುದ್ಧ ಕರಾರು. ಮುದ್ರೆಯ ಸಂಖ್ಯೆಗಿಂತ ಕಡಿಮೆ ಚಿನ್ನ ಇರಕೂಡದು ಎಂಬುದು ಕೊಳ್ಳುವವರಿಗೆ ಮುಖ್ಯ.

ಆದ್ದರಿಂದ ಯಾರಾದರೂ ನಿಮಗೆ ಒಂದು ಅಳತೆ ಹೇಳಿ 'ಎಕ್ಸಾಕ್ಟ್' ಎಂದಾಗ, ಎಷ್ಟು ಹೆಚ್ಚು-ಕಡಿಮೆ ಎಂದು ಕೇಳಿ. ರಕ್ತ ಪರೀಕ್ಷೆಯ ವರದಿ ಇರಲಿ, ಸೈಟಿನ ಅಳತೆ ಇರಲಿ, ಬಾಗಿಲಿನ ಚೌಕಟ್ಟೇ ಇರಲಿ, ಕೇಳುವುದು ನಿಮ್ಮ ಹಕ್ಕು. ಒಳ್ಳೆಯ ಕೆಲಸಗಾರ ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಅವನಲ್ಲಿ ಉತ್ತರ ಸಿದ್ಧವಿರುತ್ತದೆ. ಚಿನ್ನ ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಶುದ್ಧತೆಯ ಸಂಖ್ಯೆ, ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ ಮೂರೂ ಇವೆಯೇ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಒಡವೆಗೆ ಎಚ್‌ಯುಐಡಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ವಿವರ ಅಲ್ಲೇ ಸಿಗುತ್ತದೆ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರಿ ಪರಿಶೀಲನೆಯಾಗಿ ಮುದ್ರೆ ಬೀಳಬೇಕು. ತೂಗಿಸುವ ಮುನ್ನ ಪರದೆಯಲ್ಲಿ ಸೊನ್ನೆ ಇದೆಯೇ, ಮುದ್ರೆಯ ಅವಧಿ ಇನ್ನೂ ಮುಗಿದಿಲ್ಲವೇ ಎಂದು ಒಮ್ಮೆ ಕಣ್ಣು ಹಾಯಿಸಿ. ಇಲ್ಲದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ.